ಕೈಯಾಡುವ ಅಕ್ಕರೆ

ಪ್ರೀತಿಗೆ ಭಾಷೆ ಬೇಕಿಲ್ಲ ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಕಿವಿ ಕೇಳದ ಮಗುವಿರುವ ಮನೆಗೆ ಈ ಮಾತು ಸಮಾಧಾನವನ್ನೂ ತರುತ್ತದೆ. ಅಪ್ಪಿಕೊಂಡರೆ, ತಲೆ ಸವರಿದರೆ ಸಾಕಲ್ಲವೇ ಅನ್ನಿಸುತ್ತದೆ. ಆದರೆ ಅಷ್ಟು ಸಾಲದು. 'ನೀನು ನನ್ನ ಕಂದ' ಎಂಬುದನ್ನು ಅಪ್ಪುಗೆ ತಿಳಿಸಬಲ್ಲದು. 'ನಿನ್ನೆ ಸುಮ್ಮಸುಮ್ಮನೆ ಗದರಿದೆ, ಬೇಜಾರು ಮಾಡ್ಕೋಬೇಡ' ಎಂಬುದನ್ನು ತಿಳಿಸಲಾರದು. ಅಕ್ಕರೆಯ ಬಹುಪಾಲು ಇರುವುದು ಇಂಥ ಮಾತುಗಳಲ್ಲೇ. ಕೀಟಲೆ, ಕ್ಷಮೆ, ಊಟದ ಹೊತ್ತಿನ ಹರಟೆ, ಗಂಡಹೆಂಡಿರ ಮುನಿಸು ಮತ್ತು ರಾಜಿ, ಇವೆಲ್ಲಕ್ಕೂ ಪೂರ್ಣವಾದ ಒಂದು ಭಾಷೆಯೇ ಬೇಕು.

ಸನ್ನೆ ಭಾಷೆ ಅಂಥ ಪೂರ್ಣ ಭಾಷೆ. ಆದರೂ 1880ರಲ್ಲಿ ಮಿಲಾನ್‌ನಲ್ಲಿ ಸೇರಿದ ಶಿಕ್ಷಣ ಸಮ್ಮೇಳನ ಕಿವುಡ ಮಕ್ಕಳ ಶಿಕ್ಷಣದಿಂದ ಅದನ್ನು ದೂರವಿಡಲು ನಿರ್ಣಯಿಸಿತು. ಮುಂದೆ 1960ರಲ್ಲಿ ಭಾಷಾವಿಜ್ಞಾನಿ ವಿಲಿಯಂ ಸ್ಟೋಕೋ ಅಮೆರಿಕದ ಸನ್ನೆಗಳನ್ನು ಪರಿಶೀಲಿಸಿ, ಕೈಯ ಆಕಾರ, ಜಾಗ, ಚಲನೆ ಸೇರಿ ಪದವಾಗುವ ಒಳರಚನೆಯನ್ನು ತೋರಿಸಿಕೊಟ್ಟರು. ಇಲ್ಲಿ ಹುಬ್ಬು, ಕಣ್ಣುಗಳೂ ವ್ಯಾಕರಣದ ಭಾಗ. ಹೆಬ್ಬೆರಳು, ತೋರುಬೆರಳು, ಕಿರುಬೆರಳು ಎತ್ತಿ ಉಳಿದೆರಡನ್ನು ಮಡಚಿದರೆ 'ನೀನೆಂದರೆ ನನಗೆ ಪ್ರೀತಿ' ಎಂದರ್ಥ. ಅಮೆರಿಕದ ಬೆರಳಕ್ಷರಗಳಿಂದ ಹುಟ್ಟಿದ ಈ ಸನ್ನೆ ಈಗ ಹಲವು ದೇಶಗಳಲ್ಲಿ ಪರಿಚಿತ. ಅದಕ್ಕಿಂತಲೂ ಆಪ್ತವಾದದ್ದು ಹೆಸರಿನ ಸನ್ನೆ. ಕೆನ್ನೆಯ ಗುಳಿಯನ್ನೋ ಗುಂಗುರು ಕೂದಲನ್ನೋ ಗುರುತು ಹಿಡಿದು ಕಿವುಡ ಗೆಳೆಯರು ಒಬ್ಬರಿಗೊಬ್ಬರು ಇಡುವ ಹೆಸರದು. ಒಬ್ಬರನ್ನು ಚೆನ್ನಾಗಿ ನೋಡದೆ ಅಂಥ ಹೆಸರು ಹೊಳೆಯುವುದಿಲ್ಲ. ಸನ್ನೆಯಲ್ಲಿ ಮಾತಾಡುವವರು ಬೆನ್ನು ತಿರುಗಿಸಿಕೊಂಡು ಉತ್ತರಿಸುವಂತೆಯೂ ಇಲ್ಲ.

ಸನ್ನೆ ಕಲಿತ ಮಗು ಬಾಯಿಮಾತು ಕಲಿಯುವುದಿಲ್ಲ ಎಂಬ ಅಳುಕು ಅನೇಕ ತಾಯ್ತಂದೆಯರಿಗಿದೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಆಡುವ ಮಂಗಳೂರಿನ ಮಕ್ಕಳಿಗೆ ಒಂದು ಭಾಷೆ ಇನ್ನೊಂದನ್ನು ಕಸಿಯಲಿಲ್ಲ, ಸನ್ನೆಯೂ ಕಸಿಯಬೇಕಾಗಿಲ್ಲ. ಕೇಳಲು ನೆರವಾಗುವಂತೆ ಕಿವಿಯೊಳಗೆ ಅಳವಡಿಸುವ ಕಾಕ್ಲಿಯರ್ ಇಂಪ್ಲಾಂಟ್ ಇರುವಾಗ ಇದೆಲ್ಲ ಏಕೆ ಎಂದೂ ಕೇಳಬಹುದು. ಅದು ಎಷ್ಟೋ ಮಕ್ಕಳಿಗೆ ನೆರವಾಗಿದೆ, ನಿಜ. ಆದರೆ ಅದರ ಹೊರಗಿನ ಯಂತ್ರವನ್ನು ಸಾಮಾನ್ಯವಾಗಿ ಸ್ನಾನಕ್ಕೂ ನಿದ್ದೆಗೂ ತೆಗೆದಿಡುತ್ತಾರೆ. ಮಗುವನ್ನು ಮುದ್ದುಮಾಡುವ ಹೊತ್ತೂ ಅದೇ ಅಲ್ಲವೇ?

ಕಲಿಯುವುದೆಲ್ಲಿ ಎಂಬ ಪ್ರಶ್ನೆಗೆ ಈಗ ಉತ್ತರವಿದೆ. ದೆಹಲಿಯ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ 2021ರಲ್ಲಿ 10,000 ಪದಗಳ ವೀಡಿಯೊ ನಿಘಂಟನ್ನು ಹೊರತಂದಿದೆ. ಈ ಬೆಳಗ್ಗೆ ರೇಡಿಯೊ ಕೇಳುತ್ತಿರುವ ನಾವೇ ಕಲಿಯಬೇಕಾದವರು. ಕಿವುಡ ಮಗು ನಮ್ಮ ತುಟಿಯ ಚಲನೆಯನ್ನು ಓದಲು ದಿನವಿಡೀ ದಣಿಯುತ್ತದೆ. ಅದರ ಭಾಷೆಗಾಗಿ ನಾವೂ ಸ್ವಲ್ಪ ದಣಿಯುವುದು ಉಪಕಾರವಲ್ಲ. ಪ್ರೀತಿಸುತ್ತೇವೆ ಎನ್ನುವವರು ಮಾಡಲೇಬೇಕಾದ ಕೆಲಸ.