ಗೋಡೆಯ ಮೋರೆ, ಬುಟ್ಟಿಯ ಮೊಟ್ಟೆ



2022ರ ಸೆಪ್ಟೆಂಬರಿನಲ್ಲಿ ಕಾಂಗ್ರೆಸ್ಸಿಗರು ಬೆಂಗಳೂರಿನ ಗೋಡೆಗಳಿಗೆ ‘ಪೇಸಿಎಂ’ ಕಾಗದ ಅಂಟಿಸಿದರು. ಅಂಗಡಿಯಲ್ಲಿ ದುಡ್ಡಿಗೆಂದು ಇಡುವಂಥ ಕ್ಯೂಆರ್ ಕೋಡ್, ನಡುವೆ ಅಂದಿನ ಮುಖ್ಯಮಂತ್ರಿ ಬೊಮ್ಮಾಯಿಯವರ ಮೋರೆ! ಫೋನು ಹಿಡಿದರೆ ಶೇಕಡಾ 40 ಕಮಿಷನ್ನಿನ ದೂರು ತೆರೆಯುವ ಆಟ. ಅಂಟಿಸಿದ ಕೆಲವರನ್ನು ಪೋಲೀಸರು ಹಿಡಿದರು. ಗಾದಿಯಲ್ಲಿ ಕುಳಿತವರನ್ನು ಅಣಕಿಸಲಿ. ಉತ್ತರಿಸಲು ಅವರಿಗೆ ಸರಕಾರವೇ ಇರುತ್ತದೆ.

2024ರ ಮೇ ತಿಂಗಳಿನ ರಾಜ್ಯ ಬಿಜೆಪಿಯ ವ್ಯಂಗ್ಯಚಿತ್ರ ಬೇರೆಯೇ ಬಗೆಯದು. ಮೀಸಲಾತಿಯ ಬುಟ್ಟಿಯಲ್ಲಿ ಪರಿಶಿಷ್ಟರ, ಹಿಂದುಳಿದವರ ಮೊಟ್ಟೆಗಳು. ಜೊತೆಗಿಟ್ಟ ಮುಸ್ಲಿಮರ ಮೊಟ್ಟೆಯ ಮರಿ ಅನುದಾನವನ್ನೆಲ್ಲ ನುಂಗಿ ಉಳಿದ ಮರಿಗಳನ್ನು ಹೊರದಬ್ಬುತ್ತದೆ. ಅದನ್ನು ತೆಗೆಯಿರೆಂದು ಚುನಾವಣಾ ಆಯೋಗ ಆಜ್ಞಾಪಿಸಿದ್ದು ಮೇ 7ರಂದು, ರಾಜ್ಯದ 14 ಕ್ಷೇತ್ರಗಳು ಮತ ಹಾಕುತ್ತಿದ್ದ ದಿನ!

ಮಂಗಳೂರಿನ ನಾವು ಇದಕ್ಕೆ ನಗಲಾರೆವು. ನಮ್ಮಲ್ಲಿ ಬ್ಯಾರಿಯೂ ಬಿಲ್ಲವನೂ ನಾಳೆ ಮಜೂರಿ ಕೇಳಲು ಒಂದೇ ಬಾಗಿಲಿಗೆ ಹೋಗಬೇಕಾದವರು.