ಗುರುತಿಲ್ಲದವನು ಕಳ್ಳನಲ್ಲ
(ವಾಚನಾಲಯದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ನಾವು ಪಂಡಿತರಲ್ಲ. ಮೆಟ್ರಿಕ್ ಮುಗಿಸಿ ನೂಲಿನ ಗಿರಣಿಯ ಕಚೇರಿಯಲ್ಲಿ ಹಾಜರಿ, ಪಗಾರಗಳ ಲೆಕ್ಕ ಬರೆಯುವವರು; ಸಂಜೆ ಇಲ್ಲಿಗೆ ಬಂದು ಪತ್ರಿಕೆಗಳನ್ನು ಜೋಡಿಸಿಡುವವರು. ಕಂಪ್ಯೂಟರ್ ವಿದ್ಯೆಯ ವಿಷಯ ಮಾತನಾಡಲು ನಿಮಗೇನು ಅಧಿಕಾರವೆಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ. ಆದರೆ ಇದೇ ವಾಚನಾಲಯದಲ್ಲಿ, ನಮ್ಮ ಕಣ್ಣೆದುರಿನಲ್ಲಿಯೇ ನಮ್ಮವನೊಬ್ಬನಿಗೆ ಕಳ್ಳನೆಂಬ ಹೆಸರು ಬಂತು. ಅದು ಹೇಗೆ ಬಂತು, ಹೇಗೆ ಕಳೆಯಿತು ಎಂಬುದನ್ನು ಎರಡು ತಿಂಗಳಿಂದ ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡಿದ್ದೇವೆ. ತಿಳಿದಷ್ಟನ್ನು ಹೇಳುವುದು ಕರ್ತವ್ಯವೆಂದು ಇಲ್ಲಿ ನಿಂತಿದ್ದೇವೆ.

ನಮ್ಮ ಸದಸ್ಯರಲ್ಲಿ ವಿಜಯಪುರ ಜಿಲ್ಲೆಯ ಕಡೆಯ ಒಬ್ಬ ತರುಣನಿದ್ದಾನೆ. ಹಗಲು ಒಂದು ಸಾರಿಗೆ ಕಚೇರಿಯಲ್ಲಿ ಬಿಲ್ಲು ಮಾಡುವ ಕೆಲಸ. ರಾತ್ರಿ ಖೋಲಿಯಲ್ಲಿ ಉಳಿದ ನಾಲ್ವರು ಮಲಗಿದ ಮೇಲೆ ಹಳೆಯ ಲ್ಯಾಪ್‌ಟಾಪಿನ ಮುಂದೆ ಅವನ ಸ್ವಂತ ಕೆಲಸ. ಎರಡು ವರ್ಷ ನಿದ್ದೆಗೆಟ್ಟು, ಊರ ಗುಡಿಯ ಕಟ್ಟೆಯ ಮೇಲೆ ಗೆರೆ ಕೊರೆದು ಆಡುತ್ತಿದ್ದ ಹುಲಿ-ಕುರಿ ಆಟವನ್ನು ಕಂಪ್ಯೂಟರಿನಲ್ಲಿ ಆಡುವಂತೆ ಮಾಡಿದ. ಒಂದು ಭಾನುವಾರ ಹಿರಿಯರಿಗೆ ತೋರಿಸಬೇಕೆಂದು ಪೆನ್‌ಡ್ರೈವಿನಲ್ಲಿ ತಂದು ಇಲ್ಲಿಯ ಕಂಪ್ಯೂಟರಿಗೆ ಹಾಕಿದ. ಹತ್ತು ಜನ ಸುತ್ತ ನಿಂತಿದ್ದರು. ಪರದೆಯ ಮೂಲೆಯಲ್ಲಿ ಕೆಂಪು ಬಣ್ಣದ ಸೂಚನೆ ಬಂತು: ಅಪಾಯಕಾರಿ ಫೈಲು, ತೆಗೆದುಹಾಕಲಾಗಿದೆ. ಆಟ ಮಾಯವಾಯಿತು. ನಿಂತವರಲ್ಲಿ ಒಬ್ಬರು ತಮ್ಮ ಮೊಬೈಲನ್ನು ಕಿಸೆಗೆ ಸೇರಿಸಿ ಒಂದು ಹೆಜ್ಜೆ ಹಿಂದಕ್ಕೆ ಸರಿದರು. ಅದನ್ನು ನಾವು ಕಂಡೆವು, ಅವನೂ ಕಂಡ.

ಅದೇ ವಾರ, ಆಟವನ್ನು ಮಾರಾಟಕ್ಕೆ ಇಟ್ಟಿದ್ದ ಅಂತರಜಾಲದ ಅಂಗಡಿಯವರೂ ಅವನ ಪುಟವನ್ನು ತಡೆಹಿಡಿದರು. ಕೊಟ್ಟ ಕಾರಣ ಒಂದೇ ಸಾಲು: ಫೈಲಿನಲ್ಲಿ ಮಾಲ್‌ವೇರ್ ಇರುವ ಸಂಶಯ. "ಅಣ್ಣಾರ, ನಾ ಯಾರ ಮನಿಗೂ ಕನ್ನಾ ಹಾಕಿಲ್ರಿ. ಹುಲಿ ಕುರಿ ತಿನ್ನೂದಷ್ಟ ಅದರಾಗ ಐತಿ" ಎಂದ. ನಮಗೆ ನಗುವೂ ಬಂತು, ಗಂಟಲೂ ಕಟ್ಟಿತು.

ಮಾಲ್‌ವೇರ್ ಎಂದರೆ ಕೆಡುಕಿಗಾಗಿಯೇ ಬರೆದ ಪ್ರೋಗ್ರಾಂ. ಪಾಸ್‌ವರ್ಡ್ ಕದಿಯುವುದು, ಫೈಲುಗಳಿಗೆ ಬೀಗ ಜಡಿದು ಹಣ ಕೇಳುವುದು ಅದರ ಕಸುಬು. ಅದನ್ನು ಹಿಡಿಯಲು ಆಂಟಿವೈರಸ್ ಎಂಬ ಕಾವಲುಗಾರನನ್ನು ಇಟ್ಟಿರುತ್ತೇವೆ. ಈ ಕಾವಲುಗಾರ ಮುಖ್ಯವಾಗಿ ಮೂರು ಬಗೆಯಿಂದ ನೋಡುತ್ತಾನೆ. ಒಂದು, ಬೆರಳಚ್ಚು: ಹಿಂದೆ ಸಿಕ್ಕಿಬಿದ್ದ ಕಳ್ಳರ ಗುರುತುಗಳ ಪಟ್ಟಿಯೊಂದಿಗೆ ಹೋಲಿಸುವುದು. ಎರಡು, ಚಹರೆ ಮತ್ತು ನಡತೆ: ಕಳ್ಳನಂತೆ ಕಾಣುತ್ತಾನೆಯೆ, ಕಳ್ಳನಂತೆ ನಡೆಯುತ್ತಾನೆಯೆ ಎಂದು ಅಂದಾಜು ಮಾಡುವುದು. ಮೂರು, ಪರಿಚಯ: ಇವನನ್ನು ಈ ಮೊದಲು ಎಷ್ಟು ಜನ ಕಂಡಿದ್ದಾರೆ, ಇವನ ಹಿಂದೆ ಯಾರಿದ್ದಾರೆ ಎಂದು ವಿಚಾರಿಸುವುದು. ಮೊದಲನೆಯ ಪರೀಕ್ಷೆಯಲ್ಲಿ ನಿರಪರಾಧಿ ಸಿಕ್ಕಿಬೀಳುವುದು ಕಡಿಮೆ. ಉಳಿದ ಎರಡರಲ್ಲಿಯೇ ಬಡವನಿಗೆ ಪೆಟ್ಟು.

ಚಹರೆಯ ಮಾತು ನೋಡಿರಿ. ನಮ್ಮ ತರುಣ ಆಟವನ್ನು ಪೈಥಾನ್ ಎಂಬ ಭಾಷೆಯಲ್ಲಿ ಬರೆದ. ಅದನ್ನು ಪೈಥಾನ್ ಇಲ್ಲದ ಕಂಪ್ಯೂಟರಿನಲ್ಲಿಯೂ ನಡೆಸಬೇಕಾದರೆ ಪೈಇನ್‌ಸ್ಟಾಲರ್ ಎಂಬ ಸಾಧನದಿಂದ ಎಲ್ಲವನ್ನೂ ಒಂದೇ ಗಂಟಾಗಿ ಕಟ್ಟುವ ರೂಢಿ. ಆ ಗಂಟು ಓಡುವಾಗ ತಾತ್ಕಾಲಿಕ ಫೋಲ್ಡರಿನಲ್ಲಿ ತನ್ನನ್ನು ತಾನೇ ಬಿಚ್ಚಿಕೊಂಡು ಕೆಲಸಕ್ಕೆ ತೊಡಗುತ್ತದೆ. ಆದರೆ ಮಾಲ್‌ವೇರ್ ಬರೆಯುವವರೂ ಇದೇ ಸಾಧನವನ್ನು ಬಳಸುತ್ತಾರೆ. ಇದು ಉಚಿತ, ಸುಲಭ. ಹೀಗಾಗಿ ಗಂಟಿನ ಹೊರಬಟ್ಟೆ ಇಬ್ಬರದೂ ಒಂದೇ. ಕಾವಲುಗಾರ ಒಳಗಿನ ರೊಟ್ಟಿಯನ್ನು ನೋಡದೆ ಹೊರಗಿನ ಬಟ್ಟೆಯನ್ನು ನೋಡಿ ತೀರ್ಪು ಕೊಟ್ಟ.

ಇದು ಒಂದು ಸಾಧನದ ಕಥೆಯಷ್ಟೇ ಅಲ್ಲ. ಗೊಡೊ ಎಂಬ ಆಟ ಕಟ್ಟುವ ತಂತ್ರಾಂಶವಿದೆ. ಅರ್ಜೆಂಟೀನಾದ ಇಬ್ಬರು ಅದನ್ನು ಹುಟ್ಟುಹಾಕಿದರು. 2014ರಲ್ಲಿ ಅದರ ಮೂಲವನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಕಾಸಿಲ್ಲದ ಸಣ್ಣ ಆಟಗಾರಿಕೆಯವರಿಗೆ ಅದು ವರವಾಯಿತು. 2024ರ ನವೆಂಬರಿನಲ್ಲಿ ಚೆಕ್ ಪಾಯಿಂಟ್ ಎಂಬ ಸಂಸ್ಥೆ ಒಂದು ಸಂಗತಿಯನ್ನು ಪ್ರಕಟಿಸಿತು: ದುಷ್ಟರು ಇದೇ ಗೊಡೊವನ್ನು ಬಳಸಿ ಮಾಲ್‌ವೇರ್ ಹರಡಿದ್ದಾರೆ, ಆ ವರ್ಷದ ಜೂನಿನಿಂದ 17,000ಕ್ಕೂ ಮೇಲ್ಪಟ್ಟು ಕಂಪ್ಯೂಟರುಗಳು ಕೆಟ್ಟಿವೆ. ಯಾವ ಭಾಷೆಯಲ್ಲಿಯೂ ಕೆಟ್ಟದ್ದನ್ನು ಬರೆಯಬಹುದು, ತಪ್ಪು ಸಾಧನದ್ದಲ್ಲ ಎಂದು ಗೊಡೊದವರು ಉತ್ತರ ಕೊಟ್ಟರು. ಮಾತು ನಿಜ. ಕಮ್ಮಾರನ ಒಂದೇ ಕುಲುಮೆಯಲ್ಲಿ ಕುಡುಗೋಲೂ ಹುಟ್ಟುತ್ತದೆ, ಚೂರಿಯೂ ಹುಟ್ಟುತ್ತದೆ.

ಇನ್ನು ಪರಿಚಯದ ಮಾತು. ವಿಂಡೋಸಿನಲ್ಲಿ ಸ್ಮಾರ್ಟ್‌ಸ್ಕ್ರೀನ್ ಎಂಬ ದ್ವಾರಪಾಲಕನಿದ್ದಾನೆ. ಅಂತರಜಾಲದಿಂದ ಇಳಿಸಿದ ಹೊಸ ಪ್ರೋಗ್ರಾಂ ತೆರೆದರೆ ನೀಲಿ ಪರದೆ ತಂದು, ಇದು ಗುರುತಿಲ್ಲದ ಪ್ರೋಗ್ರಾಂ, ಆದ್ದರಿಂದ ತಡೆದಿದ್ದೇನೆ ಎನ್ನುತ್ತಾನೆ. ಕೆಟ್ಟದ್ದೆಂದು ಅವನು ಹೇಳುವುದಿಲ್ಲ. ಗುರುತಿಲ್ಲ ಎನ್ನುತ್ತಾನೆ, ಅಷ್ಟೆ. ಆದರೆ ಓದಿದವರು ಕೆಟ್ಟದ್ದೆಂದೇ ತಿಳಿದು ಮುಚ್ಚುತ್ತಾರೆ. ಬಹಳ ಜನ ಇಳಿಸಿಕೊಂಡರೆ ಪರಿಚಯ ಬೆಳೆಯುತ್ತದೆ. ಪರಿಚಯವಿಲ್ಲದೆ ಜನ ಇಳಿಸಿಕೊಳ್ಳುವುದಿಲ್ಲ! ಬಂಧುಗಳೆ, ಈ ಊರಿಗೆ ಬಂದ ಮೊದಲ ತಿಂಗಳು ಖೋಲಿ ಹುಡುಕಿದ್ದು ನಿಮಗೆ ನೆನಪಿದೆಯೆ? "ಇಲ್ಲಿ ನಿಮ್ಮನ್ನು ಬಲ್ಲವರು ಯಾರು?" ಎಂದು ಕೇಳಿದರು. ಯಾರೂ ಇಲ್ಲವೆಂದೆವು. ಬಾಗಿಲು ಮುಚ್ಚಿತು. ಬಾಗಿಲು ತೆರೆಯದೆ ಬಲ್ಲವರು ಹುಟ್ಟುವುದಾದರೂ ಎಲ್ಲಿಂದ?

ಹಣವಿದ್ದವನಿಗೆ ಇಲ್ಲಿಯೂ ದಾರಿಯಿದೆ. ತನ್ನ ಪ್ರೋಗ್ರಾಂಗೆ ಡಿಜಿಟಲ್ ಸಹಿ ಹಾಕುವ ಪ್ರಮಾಣಪತ್ರವನ್ನು ಕೊಳ್ಳಬಹುದು. ಅದಕ್ಕೆ ಸಾಮಾನ್ಯವಾಗಿ ವರ್ಷಕ್ಕೆ ನೂರಾರು ಡಾಲರ್. 2023ರ ಜೂನಿನಿಂದ ಸಹಿಯ ಕೀಲಿಯನ್ನು ವಿಶೇಷ ಯಂತ್ರಸಾಧನದಲ್ಲಿಯೇ ಇಡಬೇಕೆಂಬ ನಿಯಮವೂ ಬಂದಿದೆ. ಬಿಲ್ಲಿನ ಗುಮಾಸ್ತ ಇದನ್ನು ಎಲ್ಲಿಂದ ತಂದಾನು?

ಮೂರನೆಯ ಕಷ್ಟ ಚಾಡಿಯದು. ವೈರಸ್‌ಟೋಟಲ್ ಎಂಬ ತಾಣ 2004ರಲ್ಲಿ ಸ್ಪೇನ್ ದೇಶದಲ್ಲಿ ಆರಂಭವಾಯಿತು. 2012ರಿಂದ ಗೂಗಲ್‌ನ ಒಡೆತನದಲ್ಲಿದೆ. ಅಲ್ಲಿ ಒಂದು ಫೈಲು ಹಾಕಿದರೆ ಸುಮಾರು 70 ಕಾವಲುಗಾರರು ತಮ್ಮ ತಮ್ಮ ಅಭಿಪ್ರಾಯ ಹೇಳುತ್ತಾರೆ. 2010ರಲ್ಲಿ ಕ್ಯಾಸ್ಪರ್‌ಸ್ಕಿ ಸಂಸ್ಥೆ ಒಂದು ಪರೀಕ್ಷೆ ಮಾಡಿತು. ಏನೂ ದೋಷವಿಲ್ಲದ 20 ಫೈಲುಗಳನ್ನು ಮಾಡಿ, ಅವುಗಳಲ್ಲಿ 10ಕ್ಕೆ ಬೇಕೆಂದೇ ಕೆಟ್ಟವೆಂಬ ಹಣೆಪಟ್ಟಿ ಹಚ್ಚಿ, ಎಲ್ಲವನ್ನೂ ಅಲ್ಲಿಗೆ ಕಳಿಸಿತು. ಹತ್ತು ದಿನ ಕಳೆಯುವಷ್ಟರಲ್ಲಿ ಆ ಸುಳ್ಳು ಹಣೆಪಟ್ಟಿಯನ್ನು ಬೇರೆ 14 ಸಂಸ್ಥೆಗಳವರೆಗೂ ತಮ್ಮದೆಂಬಂತೆ ಹಚ್ಚಿದ್ದವು. ಒಬ್ಬ ಕಳ್ಳನೆಂದ, ಹದಿನಾಲ್ವರು ಹೌದೆಂದರು; ಕಣ್ಣಿನಿಂದ ಕಂಡವರು ಒಬ್ಬರೂ ಇಲ್ಲ.

ದೊಡ್ಡವರಿಗೂ ಈ ಪೆಟ್ಟು ಬಿದ್ದದ್ದುಂಟು. 2010ರ ಏಪ್ರಿಲ್ 21ರಂದು ಮೆಕಾಫಿಯ ಆಂಟಿವೈರಸ್ಸು ವಿಂಡೋಸ್ ಎಕ್ಸ್‌ಪಿಯ ಒಂದು ಮುಖ್ಯ ಫೈಲನ್ನೇ ವೈರಸ್ ಎಂದು ಹಿಡಿಯಿತು. ಅನೇಕ ಕಚೇರಿಗಳ ಕಂಪ್ಯೂಟರುಗಳು ಮತ್ತೆ ಮತ್ತೆ ಆರಿ ಹೊತ್ತಿಕೊಳ್ಳತೊಡಗಿದವು. ಅಮೆರಿಕದ ಕೆಲವು ಆಸ್ಪತ್ರೆಗಳ ಕೆಲಸಕ್ಕೂ ಅಡ್ಡಿಯಾಯಿತು. ಇದಕ್ಕೆ ಬೇರಿನಲ್ಲಿಯೇ ಒಂದು ಕಾರಣವಿದೆ. ಎಲ್ಲ ವೈರಸ್ಸುಗಳನ್ನೂ ಒಂದೂ ತಪ್ಪಿಲ್ಲದೆ ಗುರುತಿಸುವ ವಿಧಾನ ಸಾಧ್ಯವೇ ಇಲ್ಲವೆಂದು ಫ್ರೆಡ್ ಕೋಹೆನ್ ಎಂಬವರು 1984ರಲ್ಲಿಯೇ ತರ್ಕದಿಂದ ತೋರಿಸಿದ್ದಾರೆ. ತಪ್ಪು ಆಗಿಯೇ ತೀರುತ್ತದೆ. ವ್ಯತ್ಯಾಸ ಇಷ್ಟೆ: ದೊಡ್ಡವರ ಮೇಲೆ ತಪ್ಪು ಹೊರಿಸಿದರೆ ಅದೇ ದಿನ ತಿದ್ದುಪಡಿ ಬರುತ್ತದೆ, ಸಣ್ಣವನು ಅರ್ಜಿ ಹಿಡಿದು ಸಾಲಿನಲ್ಲಿ ನಿಲ್ಲುತ್ತಾನೆ.

ಸಣ್ಣವರ ಅಂಗಡಿಯೂ ಇದಕ್ಕೆ ಹೊರತಲ್ಲ. ಇಚ್.ಐಒ ಎಂಬುದು 2013ರಲ್ಲಿ ಹುಟ್ಟಿದ ತಾಣ; ಪ್ರವೇಶ ಶುಲ್ಕವಿಲ್ಲದೆ ಆಟಗಳನ್ನು ಇಡಬಹುದಾದ್ದರಿಂದ ಬಡ ಆಟಗಾರಿಕೆಯವರ ಸಂತೆ. 2024ರ ಡಿಸೆಂಬರ್ 9ರಂದು ಆ ಸಂತೆಯೇ ಕೆಲವು ಗಂಟೆ ಮಾಯವಾಯಿತು. ಫಂಕೊ ಎಂಬ ಗೊಂಬೆ ಕಂಪನಿಯ ಪರವಾಗಿ ಯಂತ್ರಬುದ್ಧಿಯಿಂದ ಕಾವಲು ಕಾಯುವ ಒಂದು ಸಂಸ್ಥೆ ಅಲ್ಲಿಯ ಒಂದು ಪುಟವನ್ನು ಮೋಸದ ಪುಟವೆಂದು ದೂರಿತ್ತು. ಅದರ ಮೇಲೆ ಇಡೀ ತಾಣದ ಹೆಸರನ್ನೇ ತಡೆದರು ಎಂದು ಇಚ್.ಐಒದವರು ಹೇಳಿದರು. ಒಂದು ಅಂಗಡಿಯ ಮೇಲಿನ ದೂರಿಗೆ ಪೇಟೆಯ ಹೆಬ್ಬಾಗಿಲನ್ನೇ ಮುಚ್ಚಿದಂತಾಯಿತು.

ಹಾಗಾದರೆ ಕಾವಲುಗಾರನೇ ಬೇಡವೆ? ಅಲ್ಲ, ಬಂಧುಗಳೆ. ಕಳ್ಳರು ನಿಜವಾಗಿಯೂ ಇದ್ದಾರೆ. 2023ರ ಡಿಸೆಂಬರ್ 25ರಂದು ಡೌನ್‌ಫಾಲ್ ಎಂಬ ಆಟ ಮಾಡಿದವರ ಖಾತೆಯನ್ನೇ ಕದ್ದು, ಸ್ಟೀಮ್ ಎಂಬ ದೊಡ್ಡ ಅಂಗಡಿಯ ಮೂಲಕ ಪಾಸ್‌ವರ್ಡ್ ಕದಿಯುವ ಪ್ರೋಗ್ರಾಂ ಹಂಚಿದರು. 2025ರ ಫೆಬ್ರವರಿಯಲ್ಲಿ ಅದೇ ಅಂಗಡಿ ಪೈರೇಟ್‌ಫೈ ಎಂಬ ಆಟವನ್ನು ಮಾಲ್‌ವೇರ್ ಎಂದು ತೆಗೆದುಹಾಕಿತು. ಅದೇ ವರ್ಷ ಬ್ಲಾಕ್‌ಬ್ಲಾಸ್ಟರ್ಸ್ ಎಂಬ ಆಟ, ಒಬ್ಬ ಕ್ಯಾನ್ಸರ್ ರೋಗಿ ಔಷಧೋಪಚಾರಕ್ಕೆಂದು ಕೂಡಿಸಿದ್ದ 30,000 ಡಾಲರಿಗೂ ಹೆಚ್ಚು ಹಣವನ್ನು ಲಪಟಾಯಿಸಿತು. ಇಂಥ ಕಥೆ ಕೇಳಿದ ಮೇಲೆ "ನನ್ನ ಆಟಕ್ಕಾಗಿ ಆಂಟಿವೈರಸ್ ಬಂದ್ ಮಾಡಿರಿ" ಎಂದು ಯಾರೂ ಹೇಳಬಾರದು. ಕಳ್ಳನೂ ಅದೇ ಮಾತನ್ನು ಹೇಳುತ್ತಾನೆ.

ನಮ್ಮ ತರುಣ ಮಾಡಿದ್ದನ್ನು ಹೇಳುತ್ತೇವೆ. ಇಂಥ ಕೆಲಸ ಮಾಡುವ ಬೇರೆ ಹುಡುಗರಿಗೂ ಉಪಯೋಗವಾದೀತು. ಮೊದಲು, ತನ್ನದೇ ಕಂಪ್ಯೂಟರಿನಲ್ಲಿ ವೈರಸ್ ಸೇರಿಲ್ಲವೆಂದು ಖಚಿತ ಮಾಡಿಕೊಂಡ. ದೂರು ನಿಜವೂ ಇರಬಹುದಲ್ಲವೆ? ಆಮೇಲೆ ಆಟವನ್ನು ಒಂದೇ ಗಂಟಾಗಿ ಕಟ್ಟುವುದನ್ನು ಬಿಟ್ಟು, ಬಿಡಿ ಫೈಲುಗಳ ಫೋಲ್ಡರಾಗಿ ಜಿಪ್ ಮಾಡಿದ. ಗಾತ್ರ ಕಡಿಮೆ ಮಾಡಲು ಹಿಂಡಿ ಒತ್ತುವ ಯುಪಿಎಕ್ಸ್ ಎಂಬ ಸಾಧನವನ್ನು ಕೈಬಿಟ್ಟ. ಅದೂ ಸಂಶಯಕ್ಕೆ ಒಂದು ಕಾರಣ. ಪೈಇನ್‌ಸ್ಟಾಲರಿನ ಮೊದಲ ತುಣುಕನ್ನು ಮೂಲದಿಂದ ತಾನೇ ಕಟ್ಟಿಕೊಂಡ. ಫೈಲಿನ ವಿವರದಲ್ಲಿ ಆಟದ ಹೆಸರು, ತನ್ನ ಹೆಸರು, ಆವೃತ್ತಿ ಬರೆದ. ಅನಂತರ ವೈರಸ್‌ಟೋಟಲ್‌ಗೆ ಹಾಕಿ ನೋಡಿದ. ಅಲ್ಲಿ ಹಾಕಿದ ಫೈಲು ಪರರ ಕೈಗೂ ಹೋಗುತ್ತದೆ. ಆದುದರಿಂದ ಗುಟ್ಟಿನ ಕಾಗದಪತ್ರಗಳನ್ನು ಅಲ್ಲಿ ಹಾಕಲಾಗದು.

ಮೊದಲು ಒಂಬತ್ತು ಸಂಸ್ಥೆಗಳು ಕೆಟ್ಟದ್ದೆಂದಿದ್ದವು. ಈಗ ನಾಲ್ಕಕ್ಕೆ ಇಳಿದಿದ್ದವು. ಆ ನಾಲ್ಕಕ್ಕೂ ಬೇರೆ ಬೇರೆಯಾಗಿ ಅರ್ಜಿ ಬರೆದ. ತಪ್ಪು ಗುರುತಿನ ದೂರನ್ನು ಸ್ವೀಕರಿಸಲು ಹೆಚ್ಚಿನ ಸಂಸ್ಥೆಗಳಲ್ಲಿ ಒಂದು ಅರ್ಜಿ ನಮೂನೆ ಇರುತ್ತದೆ. ಅರ್ಜಿಯ ಭಾಷೆಯನ್ನು ತಿದ್ದುವುದರಲ್ಲಿ ನಾವೂ ಕೈ ಹಚ್ಚಿದೆವು. ಗಿರಣಿಯ ಕಾಗದಪತ್ರ ಬರೆದ ಅನುಭವ ಅಲ್ಲಿ ಕೆಲಸಕ್ಕೆ ಬಂತು. ಸಿಟ್ಟಿಲ್ಲ, ಅಳುವಿಲ್ಲ, ಫೈಲು ಯಾವುದು, ಅದರ ಗುರುತಿನ ಸಂಖ್ಯೆ ಏನು, ಯಾವ ಹೆಸರಿನಿಂದ ಹಿಡಿದಿರಿ, ಪುನಃ ಪರಿಶೀಲಿಸಿರಿ, ಇಷ್ಟೆ. ಮೂರು ಸಂಸ್ಥೆಗಳು ಎರಡು ವಾರದೊಳಗೆ ತಪ್ಪಾಯಿತೆಂದು ಒಪ್ಪಿ ಹಣೆಪಟ್ಟಿ ತೆಗೆದವು. ನಾಲ್ಕನೆಯದು ಇಂದಿಗೂ ಉತ್ತರ ಕೊಟ್ಟಿಲ್ಲ. ಆ ಮೂರು ಉತ್ತರಗಳನ್ನು ಜೋಡಿಸಿ ಅಂಗಡಿಯವರಿಗೆ ಕಳಿಸಿದ ಮೇಲೆ, ತಡೆದ 23ನೆಯ ದಿನ ಪುಟ ತೆರೆಯಿತು. ಆದರೆ ಹೊಸ ಆವೃತ್ತಿ ಮಾಡಿದಾಗಲೆಲ್ಲ ಫೈಲು ಬದಲಾಗುತ್ತದೆ. ಗುರುತು ಮತ್ತೆ ಮೊದಲಿನಿಂದ. ಹೋರಾಟ ಮುಗಿಯಿತೆಂದು ಹೇಳುವಂತಿಲ್ಲ.

ಗಿರಣಿಯಲ್ಲಿ ಪಾಳಿ ಬಿಟ್ಟಾಗ ಗೇಟಿನಲ್ಲಿ ಝಡತಿ ಕೊಟ್ಟು ಹೊರಬರುತ್ತೇವೆ. ಎಲ್ಲರನ್ನೂ ಮುಟ್ಟಿ ನೋಡುತ್ತಾರೆ; ಅದಕ್ಕೆ ನಮಗೆ ಬೇಸರವಿಲ್ಲ. ಏನೂ ಸಿಗದಿದ್ದರೆ "ಹೋಗಪ್ಪಾ" ಎಂದು ಬಿಡುತ್ತಾರಲ್ಲ, ಆ ಒಂದು ಮಾತಿನಲ್ಲಿ ಮನುಷ್ಯನ ಮಾನ ಉಳಿಯುತ್ತದೆ. ಯಂತ್ರದ ಕಾವಲಿನಲ್ಲಿ ಇಲ್ಲದ್ದು ಆ ಮಾತು. ತಪಾಸಣೆ ಇರಲಿ, ಹಿಡಿದ ಕಾರಣವನ್ನು ಹೇಳಲಿ, ಕೇಳಲು ಒಬ್ಬ ಮನುಷ್ಯನಿರಲಿ, ತಪ್ಪಾದಾಗ ಬೇಗ ಬಿಡಲಿ. ಸಣ್ಣ ಆಟಗಾರಿಕೆಯವರು ಜಗತ್ತಿನಾದ್ಯಂತ ಕೇಳುವುದು ಇದಿಷ್ಟೇ.

ನಮ್ಮ ಪಾಲಿನ ಕರ್ತವ್ಯವೂ ಒಂದಿದೆ. ಕೆಂಪು ಸೂಚನೆ ಕಂಡಾಗ ಫೈಲನ್ನು ತೆರೆಯದಿರುವುದು ಜಾಣತನ. ಅದನ್ನು ತಂದವನಿಂದ ದೂರ ಸರಿಯುವುದು ಅನ್ಯಾಯ. ಸಂಶಯ ಫೈಲಿನ ಮೇಲಿರಲಿ, ವಿಚಾರಣೆ ಮುಗಿಯುವವರೆಗೆ ಮನುಷ್ಯನ ಮೇಲೆ ಬೇಡ. ಅಂದು ಒಂದು ಹೆಜ್ಜೆ ಹಿಂದಕ್ಕೆ ಸರಿದವರು ಯಾರೆಂದು ಹೇಳುವುದಿಲ್ಲವೆಂದುಕೊಂಡಿದ್ದೆವು. ಹೇಳಿಬಿಡುತ್ತೇವೆ: ಅದು ನಾವೇ. ಅರ್ಜಿ ಬರೆಯಲು ಕೂತದ್ದು ಆ ಹೆಜ್ಜೆಯ ಪ್ರಾಯಶ್ಚಿತ್ತಕ್ಕೆ.

ಹುಲಿ-ಕುರಿ ಆಟ ಈಗ ವಾಚನಾಲಯದ ಕಂಪ್ಯೂಟರಿನಲ್ಲಿದೆ. ಸಭೆ ಮುಗಿದ ಮೇಲೆ ಆಡಿ ನೋಡಿರಿ. ಕುರಿಗಳು ಒಟ್ಟಾಗಿ ನಿಂತರೆ ಹುಲಿಗೆ ದಾರಿಯಿಲ್ಲವೆಂಬುದು ಆ ಆಟದ ಹಳೆಯ ನಿಯಮ.