ಹಲ್ಲು ಸೆಟ್ ರಾತ್ರಿ ಎಲ್ಲಿರಬೇಕು: ಬಾಯಲ್ಲೋ, ಡಬ್ಬೀಲೋ?

ಗಂಗಾನಗರದಿಂದ ಮಾತಾಡ್ತಿದ್ದೀನಿ. ಇವತ್ತಿನ ವಿಷಯ ಹಲ್ಲು ಸೆಟ್. "ನಂಗಿನ್ನೂ ಇಪ್ಪತ್ತೈದು" ಅಂತ ಸ್ಕಿಪ್ ಮಾಡಬೇಡಿ. ಇದು ನಿಮ್ಮ ಅಪ್ಪ ಅಮ್ಮ, ಅಜ್ಜಿ ತಾತನಿಗೆ ಬೇಕಾದ ವಿಷಯ.

ಮೂರು ನಾಲ್ಕು ಹಲ್ಲು ಹೋದ ಜಾಗಕ್ಕೆ ತೆಗೆದು ಹಾಕೋ ಸೆಟ್ ಕೊಡ್ತಾರಲ್ಲ, ಅದೇ ಪಾರ್ಷಿಯಲ್ ಡೆಂಚರ್. ಸಾಮಾನ್ಯವಾಗಿ ಗುಲಾಬಿ ಬಣ್ಣದ ಅಕ್ರಿಲಿಕ್ ತಳ, ಪಕ್ಕದ ಹಲ್ಲು ಹಿಡ್ಕೊಳ್ಳೋಕೆ ತಂತಿ ಕೊಕ್ಕೆ. ನಮ್ಮಮ್ಮನಿಗೂ ಇದೆ. ನಿದ್ದೇಲಿ ಅವರು ಹಲ್ಲು ಕಡಿಯೋದು ಪಕ್ಕದ ರೂಮಿಗೂ ಕೇಳುತ್ತೆ. ಆದರೂ ಸೆಟ್ ತೆಗೀತಿರಲಿಲ್ಲ. "ಬೊಚ್ಚು ಬಾಯಿ ನಿಮ್ಮಪ್ಪ ನೋಡಲ್ವಾ?" ಅನ್ನೋರು. ಇಷ್ಟು ವರ್ಷ ಸಂಸಾರ ಮಾಡಿದ ಮೇಲೂ ಆ ಸಂಕೋಚ. ಅದನ್ನ ನಕ್ಕು ತಳ್ಳಿಹಾಕಬಾರದು. ಈಗ ಲೈಟ್ ಆರಿಸಿದ ಮೇಲೆ ತೆಗೆದು, ಮುಚ್ಚಳ ಇರೋ ಡಬ್ಬೀಲಿ ಇಡ್ತಾರೆ.

ಯಾಕೆ ತೆಗೀಬೇಕು? ಊಟ ಮಾಡುವಾಗ ಹಲ್ಲುಗಳ ಮಧ್ಯೆ ಅನ್ನ ಇರುತ್ತೆ. ನಿದ್ದೇಲಿ ಕಡಿಯುವಾಗ ಹಲ್ಲಿಗೆ ಹಲ್ಲೇ ಉಜ್ಜುತ್ತೆ. ಸೆಟ್ಟಿನ ಹಲ್ಲು ಸವೆಯುತ್ತೆ, ತಳ ಬಿರುಕು ಬಿಡಬಹುದು, ಕೊಕ್ಕೆ ಹಿಡಿದಿರೋ ಸ್ವಂತ ಹಲ್ಲೂ ಸಡಿಲ ಆಗಬಹುದು. ಚಿಕ್ಕ ಸೆಟ್ ಆದ್ರೆ ಕಳಚಿ ಗಂಟಲಿಗೆ ಇಳಿಯೋ ಅಪಾಯವೂ ಇದೆ. ಒಸಡಿಗೂ ರಾತ್ರಿ ರೆಸ್ಟ್ ಬೇಕು.

ತೆಗೆದ ಸೆಟ್ಟನ್ನ ಮೆತ್ತನೆ ಬ್ರಷ್‌ನಲ್ಲಿ ತೊಳೆದು ತಣ್ಣೀರಲ್ಲಿಡಿ. ಬಿಸಿನೀರು ಬೇಡ, ಆಕಾರ ಕೆಡುತ್ತೆ. ಪೇಸ್ಟ್ ಹಾಕಿ ಉಜ್ಜಿದ್ರೆ ಗೀರು ಬೀಳುತ್ತೆ. ಸಡಿಲ ಆದ ಕೊಕ್ಕೇನ ಮನೇಲಿ ಬಗ್ಗಿಸಬೇಡಿ, ಮುರಿದಿದ್ರೆ ಫೆವಿಕ್ವಿಕ್ ಹಚ್ಚಬೇಡಿ.

ಇಲ್ಲಿಗೇ ಮುಗೀಲಿಲ್ಲ, ಮುಖ್ಯ ಮಾತು ಈಗ. ಸೆಟ್ ಡಬ್ಬೀಲಿ ಸೇಫ್, ಆದ್ರೆ ಬಾಯಲ್ಲಿ ಉಳಿದಿರೋ ನಾಲ್ಕಾರು ಹಲ್ಲು ಆ ಒತ್ತಡವನ್ನೆಲ್ಲ ತಡ್ಕೋಬೇಕು. ಅದಕ್ಕೇ ನೈಟ್ ಗಾರ್ಡ್. ಸೆಟ್ ಇಲ್ಲದ ಬಾಯಿಯ ಅಚ್ಚು ತಗೊಂಡು ಡಾಕ್ಟರ್ ಮಾಡಿಸಿಕೊಡಬೇಕು. ಆನ್‌ಲೈನ್‌ನಲ್ಲಿ ಸಿಗೋ ರೆಡಿಮೇಡ್ ಗಾರ್ಡ್, ಮಧ್ಯೆ ಮಧ್ಯೆ ಹಲ್ಲಿಲ್ಲದ ಬಾಯಿಗೆ ಸರಿಯಾಗಿ ಕೂರಲ್ಲ. ಕೆಲವರಿಗೆ ಸೆಟ್ ತೆಗೆದ್ರೆ ಉಳಿದ ಹಲ್ಲು ಎದುರಿನ ಒಸಡಿಗೇ ಚುಚ್ಚುತ್ತೆ. ಅಂಥವರಿಗೆ ಡಾಕ್ಟರ್ ಬೇರೆ ಸಲಹೆ ಕೊಡಬಹುದು.

ಖರ್ಚಿನ ಚಿಂತೆ ಇದ್ಯಾ? ಕೋಟೆ ಹತ್ರ, ವಿಕ್ಟೋರಿಯಾ ಆಸ್ಪತ್ರೆ ಪಕ್ಕ, 1958ರಿಂದ ಇರೋ ಸರ್ಕಾರಿ ದಂತ ಕಾಲೇಜಿದೆ. ಬಿಪಿಎಲ್ ಕಾರ್ಡ್ ಇರೋ ಹಿರಿಯರಿಗೆ ಉಚಿತ ಸೆಟ್ ಕೊಡೋಕೆ ಅಂತಾನೇ ಮಾಡಿದ ಯೋಜನೆ ದಂತ ಭಾಗ್ಯ. ಅಲ್ಲೇ ವಿಚಾರಿಸಿ.

ಇವತ್ತು ರಾತ್ರಿ ಮನೇಲಿ ಕೇಳಿ: ಬೆಳಗ್ಗೆ ದವಡೆ ನೋಯುತ್ತಾ? ಕೊಕ್ಕೆ ಸಡಿಲ ಆಗಿದ್ಯಾ? ಹೌದು ಅಂದ್ರೆ ಜೊತೇಲಿ ಹೋಗಿ, ಡಾಕ್ಟರನ್ನ ಒಂದೇ ಪ್ರಶ್ನೆ ಕೇಳಿ: "ಸೆಟ್ ತೆಗೆದ ಮೇಲೆ ಉಳಿದ ಹಲ್ಲಿಗೆ ಕಾವಲೇನು?" ಮುಂದಿನ ವಾರ ಸಿಗೋಣ.